ಮಾಸ್ತರ ಹೇಳ್ಯಾರ

ಆ ಊರಿನ ಕಾಲೇಜಿನಲ್ಲಿ ಇತಿಹಾಸದ ಪಾಠ ಶುರು ಮಾಡಿದ ಮೊದಲ ದಿನವೇ ನನ್ನ ಬಾಯಿಂದ ಗಂಡಸಿನ ದನಿ ಬಂತು. ಹೊಸಬಳು, ಹುಡುಗರ ಮುಂದೆ ಒಂದಿಷ್ಟು ಗತ್ತಿರಲಿ ಎಂದು, "ಇತಿಹಾಸ ಅಂದರೆ ಸತ್ತವರ ಮೇಲೆ ಬದುಕಿದ್ದವರು ಹೇಳುವ ಚಾಡಿ" ಎಂದಿದ್ದೆ. ಮಾತು ಹೊರಬಿದ್ದದ್ದು ನನಗೆ ಎಂ.ಎ.ಯಲ್ಲಿ ಕಲಿಸಿದ ಪ್ರೊಫೆಸರರ ದನಿಯಲ್ಲಿ. ಸದಾ ನಸ್ಯ ಏರಿಸಿ ಮೂಗು ಕಟ್ಟಿಕೊಂಡಿರುತ್ತಿದ್ದ ಅವರ ಆ ಗೊರಗೊರ ಸಹಿತ ಬಂದಿತ್ತು. ನಾನು ಬೆಚ್ಚಿ ಬಾಯಿ ಮುಚ್ಚಿಕೊಂಡೆ. ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಯಾರ ಮಾತು ಅಂತ ಹೇಳಿಬಿಡ್ರಿ. ಗಂಟಲು ತಾನ ಸರಿ ಹೋಗ್ತೈತಿ" ಎಂದಳು. ಪ್ರೊಫೆಸರರ ಹೆಸರು ಸೇರಿಸಿ ಅದೇ ಮಾತನ್ನು ಮತ್ತೆ ಹೇಳಿದೆ. ನನ್ನ ಸಣ್ಣ ದನಿ ವಾಪಸು ಬಂದಿತ್ತು. ಹುಡುಗರು ತಲೆ ತಗ್ಗಿಸಿ ಬರೆದುಕೊಂಡರು.

ಆ ಊರಿನಲ್ಲಿ ಇದು ಯಾರಿಗೂ ವಿಶೇಷವಲ್ಲ. ಇನ್ನೊಬ್ಬರ ಮಾತನ್ನು ಅವರ ಹೆಸರು ಹೇಳದೆ ಆಡಿದರೆ ಅದು ಅವರ ದನಿಯಲ್ಲೇ ಬರುತ್ತದೆ, ಅವರು ಅದನ್ನು ಆಡಿದಾಗ ದನಿ ಹೇಗಿತ್ತೋ ಹಾಗೆ. ಗಂಡ ಹೆಂಡತಿಯನ್ನು ಬೈಯುವಾಗ ನಡುವೆ ಅತ್ತೆಯ ದನಿ ಬಂದರೆ ಜಗಳ ಅಲ್ಲಿಗೇ ನಿಂತು, ಮುಂದಿನದನ್ನು ಅತ್ತೆಯ ಜೊತೆಗೇ ಇತ್ಯರ್ಥ ಮಾಡಿಕೊಳ್ಳುತ್ತಿದ್ದರು. ಹೆಣ್ಣು ನೋಡಲು ಬಂದ ಗಂಡು ತನ್ನ ಆಸೆಗಳನ್ನೆಲ್ಲ ಸೋದರಮಾವನ ದನಿಯಲ್ಲಿ ಹೇಳಿ ಉಪ್ಪಿಟ್ಟು ತಿಂದು ಹೋಗಿದ್ದೂ ಉಂಟು. ಮಕ್ಕಳು ಸಿಟ್ಟಿನಲ್ಲಿ ತಾಯಂದಿರ ದನಿಯಲ್ಲಿ ಬೈದಾಡಿಕೊಳ್ಳುತ್ತಿದ್ದುದರಿಂದ ಆ ಊರಿನ ಹೆಂಗಸರಿಗೆಲ್ಲ ತಮ್ಮ ದನಿ ಹೊರಗಿನಿಂದ ಹೇಗೆ ಕೇಳಿಸುತ್ತದೆಂದು ಚೆನ್ನಾಗಿ ಗೊತ್ತಿತ್ತು. ಹೀಗಾಗಿ ಜನ ಎಚ್ಚರ. ಯಾವ ಮಾತಿಗೂ ಮೊದಲು, ಇಲ್ಲವೇ ಬಾಯಿ ಮುಚ್ಚುವುದರೊಳಗೆ, ಅದರ ಯಜಮಾನರ ಹೆಸರು ಹೇಳಿಬಿಡುತ್ತಿದ್ದರು.

ಹಾಗೆ ಎಲ್ಲರಿಗಿಂತ ಹೆಚ್ಚು ಹೇಳಲ್ಪಡುತ್ತಿದ್ದ ಹೆಸರು ಫಕೀರಪ್ಪ ಮಾಸ್ತರದು. ಪ್ರಾಥಮಿಕ ಶಾಲೆಯ ಮಾಸ್ತರಾಗಿದ್ದ ಅವರು ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಮಾತುಗಳು ಊರಿನ ಗೋಡೆಗಳ ಮೇಲಿದ್ದವು. ಬಸ್ ಸ್ಟ್ಯಾಂಡಿನಲ್ಲಿ 'ಬಸ್ಸು ತಪ್ಪಿದವನಿಗೆ ಊರು ಸಿಕ್ಕಿತು' ಎಂದು ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ 'ಮಾಸ್ತರ' ಎಂದಿತ್ತು. ಯಮನೂರಪ್ಪನ ಕಟಿಂಗ್ ಅಂಗಡಿಯಲ್ಲಿ ಕನ್ನಡಿಯ ಮೇಲೆ 'ಕೂದಲು ಕತ್ತರಿಸಿದರೆ ತಲೆ ಹಗುರ, ಮಾತು ಕತ್ತರಿಸಿದರೆ ಮನೆ ಹಗುರ' ಎಂದಿತ್ತು. ಒಗ್ಗರಣೆಗೆ ಸಾಸಿವೆ ಬಿದ್ದಂತೆ ಎಲ್ಲರ ಮಾತಿನ ನಡುವೆ 'ಮಾಸ್ತರ ಹೇಳ್ಯಾರ' ಎಂಬುದು ಸಿಡಿಯುತ್ತಲೇ ಇರುತ್ತಿತ್ತು.

ನಾನು ಬಾಡಿಗೆಗಿದ್ದದ್ದು ಆ ಮಾಸ್ತರ ಮನೆಯಲ್ಲೇ. ಅವರ ಹೆಂಡತಿ ನೀಲಕ್ಕ ಮುಂದಿನ ಪಡಸಾಲೆಯನ್ನು ನನಗೆ ಬಿಟ್ಟು, ಊಟಕ್ಕೆ ಬೇರೆ ಒಲೆ ಹಚ್ಚಬೇಡಿರೆಂದು ತನ್ನ ಪಂಕ್ತಿಯಲ್ಲೇ ಕೂರಿಸಿಕೊಂಡಳು. ಅರವತ್ತು ದಾಟಿದ, ಎಲೆ ಅಡಿಕೆ ಹೊಗೆಸೊಪ್ಪಿನಿಂದ ಗಂಟಲು ದಪ್ಪಗಾದ, ಮಾತು ಬಹಳವಿದ್ದರೂ ಒಂದನ್ನೂ ತನ್ನದೆನ್ನದ ಹೆಂಗಸು. "ಇವತ್ತ ಸೆಕಿ ಭಾಳ, ಹಾಲಿನಾಕಿ ಅಂದ್ಲು," ಎನ್ನುವಳು. "ಪಲ್ಯಾಕ ಉಪ್ಪು ಕಡಿಮಿ ಆಗೈತಿ, ನಿನ್ನೆ ನೀವ ಅಂದ್ರಿ," ಎನ್ನುವಳು. ಹಾಲಿನಾಕಿಯೂ ನಾನೂ ಅನ್ನದ ಮಾತಾದರೆ ಅದು ಮಾಸ್ತರದಾಗಿರುತ್ತಿತ್ತು. ನೀಲಕ್ಕನ ತಲೆ ಒಂದು ಧರ್ಮಶಾಲೆ, ಎಲ್ಲರೂ ಅಲ್ಲಿ ಇಳಿದುಕೊಂಡಿದ್ದಾರೆ, ಮನೆಯವರು ಮಾತ್ರ ಕಾಣುವುದಿಲ್ಲ ಎಂದು ನನಗೆ ಅನಿಸಿದ್ದುಂಟು.

ನಾನು ಆ ಊರಿನ ಸಂತೆಯ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಮಾರ್ಗದರ್ಶಕರು ನಮ್ಮ ವಿಭಾಗದ ಶಂಕ್ರಪ್ಪ ಹಾದಿಮನಿ ಸರ್. ಆ ವರ್ಷ ಅವರ ನಿವೃತ್ತಿ, ನಾನು ಅವರ ಕೊನೆಯ ವಿದ್ಯಾರ್ಥಿನಿ. ಅವರು ನಿವೃತ್ತರಾಗುವುದರೊಳಗೆ ಪ್ರಬಂಧ ಮುಗಿಯದಿದ್ದರೆ ನನ್ನನ್ನು ಕೈಗೆತ್ತಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಆ ಊರಿನಲ್ಲಿ ಪ್ರಬಂಧವನ್ನು ಊರವರ ಮುಂದೆ ಗಟ್ಟಿಯಾಗಿ ಓದಬೇಕು. ಪೂರ್ತಿ ತನ್ನ ದನಿಯಲ್ಲಿ ಓದಿ ಮುಗಿಸಿದವರಿಗೆ ಪದವಿ.

ಬರೆಯುವ ರೀತಿಯನ್ನು ಹಾದಿಮನಿ ಸರ್ ನನಗೆ ಅ ಆ ಇ ಈ ಯಿಂದ ಕಲಿಸಿದರು. ಮೊದಲ ಅಧ್ಯಾಯದಲ್ಲಿ ನಾನು ಒಬ್ಬ ವಿದ್ವಾಂಸರ ಮಾತುಗಳನ್ನು ಪುಟದುದ್ದ ಬಳಸಿಕೊಂಡು ಕೊನೆಗೊಮ್ಮೆ ಅವರ ಹೆಸರು ಬರೆದಿದ್ದೆ. ಓದುವಾಗ ಪುಟವಿಡೀ ಅವರ ದನಿ ಬಂದು, ಕೊನೆಯ ಸಾಲಿಗೆ ಮಾತ್ರ ನನ್ನ ದನಿ ಓಡೋಡಿ ಬಂತು. "ಬೀಗರ ಹೆಸರನ್ನ ಅವರು ಊಟಾ ಮಾಡಿ ಹೋದ ಮ್ಯಾಲ ಹೇಳಿದ್ರ ಹೆಂಗ್ರೀ?" ಎಂದರು ಸರ್. "ಮಾತು ಎಲ್ಲಿರ್ತೈತೋ ಹೆಸರು ಅಲ್ಲೇ ಇರಬೇಕು." ಎರಡನೆಯದರಲ್ಲಿ ಜಾಣತನ ತೋರಿಸಿ ಅವರಿವರ ವಿಚಾರಗಳನ್ನು ನನ್ನ ಪದಗಳಲ್ಲಿ ತಿರುಗಿಸಿ ಬರೆದೆ. ಆಗ ಬಂದದ್ದು ಅರ್ಧ ನನ್ನ ದನಿ, ಅರ್ಧ ಅವರದು. ನೆಗಡಿಯಾದ ಕೋಳಿಯಂತೆ ಕೇಳಿಸಿತು. "ಅಂಗಿ ಬದಲಿ ಮಾಡಿದ್ರ ಆಸಾಮಿ ಬದಲಿ ಆಗಂಗಿಲ್ಲ," ಎಂದರು. ಹೆದರಿ ಮೂರನೆಯದರಲ್ಲಿ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎನ್ನುವುದಕ್ಕೂ ಒಂದು ಹೆಸರು ಹುಡುಕಿ ಹಾಕಿದೆ. ಅವರು ಕನ್ನಡಕ ತೆಗೆದಿಟ್ಟು, "ಇದರಾಗ ನೀವೆಲ್ಲಿ ಅದೀರಿ ಮಂದಾಕಿನಿ?" ಎಂದು ಕೇಳಿದರು.

ಆ ಪ್ರಶ್ನೆಯ ಬಿಸಿಯಲ್ಲೇ ಕೊನೆಯ ಅಧ್ಯಾಯ ಬರೆದೆ. ಸಂತೆಯ ದಿನ ಬೆಳಗಿನಿಂದ ಸಂಜೆಯತನಕ ಓಡಾಡಿ, ಬಂದವರಲ್ಲಿ ಎಷ್ಟೋ ಜನ ಏನೂ ಕೊಳ್ಳದೆ ಹೋಗುವುದನ್ನು ನೋಡಿದ್ದೆ. ಅದೇ ನನ್ನ ವಾದ. ಆ ಅಧ್ಯಾಯದ ನಡುವೆ ಒಂದು ವಾಕ್ಯ ತಾನೇ ಬಂದು ಕುಳಿತಿತ್ತು: 'ಸಂತೆಗೆ ಅರ್ಧ ಜನ ಕೊಳ್ಳಲು ಬರುತ್ತಾರೆ, ಉಳಿದರ್ಧ ಕಾಣಿಸಿಕೊಳ್ಳಲು.' ಅದನ್ನು ಬರೆದ ದಿನ ಖುಷಿಯಲ್ಲಿ ಎರಡು ಸಲ ಚಹಾ ಮಾಡಿಕೊಂಡು ಕುಡಿದೆ. ಇಡೀ ಪ್ರಬಂಧದಲ್ಲಿ ನಾನು ಎಲ್ಲಿದ್ದೇನೆಂದು ಯಾರಾದರೂ ಕೇಳಿದರೆ ಇಲ್ಲಿದ್ದೇನೆ ಎಂದು ಬೆರಳಿಟ್ಟು ತೋರಿಸಬಹುದಾದ ವಾಕ್ಯ.

ಹಾದಿಮನಿ ಸರ್ ಎದುರು ಅದನ್ನು ಓದಿದಾಗ ಬಂದದ್ದು ಯಾವುದೋ ಹುಡುಗಿಯ ದನಿ. ತೆಳ್ಳಗೆ, ಚುರುಕಾಗಿ, ಒಳಗೆ ನಗು ಅದುಮಿಟ್ಟುಕೊಂಡ ದನಿ. ನಾನು ಮತ್ತೆ ಓದಿದೆ. ಮತ್ತೆ ಅದೇ ಹುಡುಗಿ. ಕಣ್ಣಲ್ಲಿ ನೀರು ಬಂತು. ಆ ಮಾತು ಸಂತೆಯ ಗದ್ದಲದಲ್ಲಿ ಎಲ್ಲಿಯೋ ಕಿವಿಗೆ ಬಿದ್ದು, ಒಳಗೆ ಇಳಿದು, ನನ್ನದೇ ಎಂಬಂತೆ ಮೇಲೆ ಬಂದಿತ್ತು.

"ಅಯ್ಯ, ಇದು ಮಾಸ್ತರ ಮಾತಲ್ಲೇನ್ರಿ," ಎಂದರು ಸರ್. "ಸಂತ್ಯಾಗ ಕಾಯಿಪಲ್ಲೆ ಮಾರೋರೆಲ್ಲಾ ಅಂತಾರ. ಅವರ ಹೆಸರು ಹಾಕ್ರಿ, ಮುಗೀತು."

"ಆದರೆ ಸರ್, ದನಿ ಹುಡುಗಿಯದು."

ಸಣ್ಣವರಿದ್ದಾಗ ಮಾಸ್ತರ ಕೈಕೆಳಗೆ ಓದಿದವರು ಸರ್. ಗೋಡೆಗಳ ಮೇಲೆ ಮಾಸ್ತರ ಮಾತು ಬರೆಸಿದ ಕಮಿಟಿಗೆ ಅವರೇ ಅಧ್ಯಕ್ಷರು. "ಹೆಸರೊಂದು ಇದ್ರ ಸಾಕು, ದನಿ ನಿಮ್ಮದ ಬರ್ತೈತಿ," ಎಂದು ಕಿಟಕಿಯ ಕಡೆ ನೋಡುತ್ತ ಹೇಳಿದರು. ಮಾಸ್ತರ ಹೆಸರು ಸೇರಿಸಿ ಓದಿ ನೋಡಿದೆ. ನಿಜ, ನನ್ನದೇ ದನಿ ಬಂತು. ಬೇರೆಯವರ ಮಾತಿಗೆ ಹೆಸರು ಬಿಟ್ಟರೆ ಹಿಡಿದುಹಾಕುವ ಆ ಊರು, ತಪ್ಪು ಹೆಸರು ಹಾಕಿದರೆ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಅದು ನನಗೆ ಆ ದಿನ ಗೊತ್ತಾಯಿತು. ಹೆದರಿಕೆಯೂ ಆಯಿತು.

ಮನೆಗೆ ಬಂದಾಗ ನೀಲಕ್ಕ ರೊಟ್ಟಿ ಬಡಿಯುತ್ತಿದ್ದಳು. ನಾನು ಬಾಗಿಲಲ್ಲಿ ಕುಳಿತು, "ನೀಲಕ್ಕ, ಈ ದನಿ ಯಾರದು ಹೇಳಿ" ಎಂದು ಹೆಸರಿಲ್ಲದೆ ಆ ವಾಕ್ಯ ಹೇಳಿದೆ. ರೊಟ್ಟಿಯ ಸಪ್ಪಳ ನಿಂತಿತು. ಹಂಚಿನ ಮೇಲಿದ್ದುದು ಸೀಯತೊಡಗಿದರೂ ಅವಳು ತಿರುವಲಿಲ್ಲ.

"ಮತ್ತೊಮ್ಮೆ ಹೇಳ್ರಿ," ಎಂದಳು.

ಹೇಳಿದೆ. ಅವಳು ಹಿಟ್ಟಿನ ಕೈಯನ್ನೇ ಗಂಟಲಿಗೆ ಒತ್ತಿಕೊಂಡಳು. "ಈ ದನಿ ಎಲ್ಲಿ ಹೋಗಿತ್ತವ್ವಾ," ಎಂದಳು. ಆಮೇಲೆ ನಕ್ಕಳು, ಆ ಹುಡುಗಿಯ ದನಿಯೊಳಗಿದ್ದ ಅದೇ ನಗು. ಆ ನಗು ಕೇಳಿದ ಮೇಲೆ ನನಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಸೀದ ರೊಟ್ಟಿಯನ್ನು ಬದಿಗಿಟ್ಟು, ಒಲೆಯ ಉರಿ ತಗ್ಗಿಸಿ, ಅವಳು ಹೇಳಿದಳು. "ನಾ ಈ ಮನಿಗಿ ಬಂದಾಗ ಅತ್ತಿ ಭಾಳ ಖಡಕ್ ಇದ್ಲು. ಸೊಸಿ ಬಾಯಿ ತೆಗದ್ರ ಬಾಯಿಬಡುಕಿ ಅಂತಿದ್ಲು. ನಂಗೋ, ಮಾತು ನಾಲಿಗಿ ತುದೀಗೆ ಬಂದು ಕುಣೀತಿದ್ವು. ಒಂದಿನ ತಡೀಲಾರದ ಏನೋ ಅಂದೆ. ಇದೆಲ್ಲಿ ಕಲ್ತಿ ಅಂತ ಕಣ್ಣು ತೆಗದ್ಲು. ನಿಮ್ಮ ಮಗ ಹೇಳಿದ್ರು ಅಂದುಬಿಟ್ಟೆ. ಅತ್ತಿ ನಕ್ಕೋತ, ನನ್ನ ಮಗ ಮೊದಲಿಂದ ಶಾಣ್ಯಾ ಅಂದ್ಲು. ಮುಗೀತ್ನೋಡ್ರಿ. ಬಾವಿ ಕಟ್ಟಿಗೆ ಹೋದ್ರ, ಸಂತಿಗೆ ಹೋದ್ರ, ಏನ್ ಅಂದ್ರೂ ನಮ್ಮನಿಯವರು ಹೇಳ್ಯಾರ ಅಂತಿದ್ದೆ. ಮಂದಿ ಎಲ್ಲಾ ಮಾಸ್ತರ ಹೇಳ್ಯಾರ ಅನ್ನಾಕ ಹತ್ತಿದ್ರು."

"ಮಾಸ್ತರಿಗೆ ಗೊತ್ತಿತ್ತಾ?"

"ಗೊತ್ತಿಲ್ದ ಏನ್ರಿ. ಸಂಜೀಕ ಸಾಲಿಯಿಂದ ಬಂದು ಕಾಲು ತೊಳಕೋತ ಮೆಲ್ಲಗ ಕೇಳೋರು, 'ನೀಲಾ, ಇವತ್ತ ನಾ ಏನ್ ಹೇಳೀನಿ?' ಅಂತ. ಮರುದಿನ ಪ್ಯಾಟ್ಯಾಗ ಯಾರರೆ ಕೇಳಿದ್ರ ಗೊತ್ತಿರಬೇಕಲ್ಲ. ನಿಂದು ಅಂತ ನೀನ ಹೇಳು ಅಂತ ಭಾಳ ಸಲ ಅಂದ್ರು. ನಂಗ ಧೈರ್ಯ ಆಗಲಿಲ್ಲ. ಅವರರೆ ಹೊರಗ ಆ ಮಾತು ಆಡಂಗಿಲ್ಲ, ಆಡಿದ್ರ ನನ್ನ ದನಿ ಬರ್ತಿತ್ತಲ್ಲ. ಅದಕ್ಕ ಸುಮ್ಮನ ನಕ್ಕೋತ ನಿಲ್ಲೋರು. ಊರ ಮಂದಿ, ಮಾಸ್ತರು ಎಂಥ ತೂಕದ ಮನಷ್ಯಾ ಅಂತಿದ್ರು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಕ್ಕು ಮುಗಿದ ಮೇಲೆ ನಾನು, "ಹಾಗಾದರೆ ಪ್ರಬಂಧದಲ್ಲಿ ನಿಮ್ಮ ಹೆಸರು ಹಾಕುತ್ತೇನೆ" ಎಂದೆ. ಅವಳ ಮುಖ ಇಳಿಯಿತು.

"ಬ್ಯಾಡ್ರಿ. ಅವರ ಹೆಸರು ಗ್ವಾಡಿ ಮ್ಯಾಲೈತಿ. ನಾ ಒರಸಲೇನು? ಸತ್ತವರಿಗೆ ಇದ್ದದ್ದೊಂದು ಹೆಸರು. ಅವರದ ಹಾಕ್ರಿ."

"ಅದು ಸುಳ್ಳಾಗುತ್ತದೆ ನೀಲಕ್ಕ."

"ಹಂಗಾರ ಆ ಮಾತು ತೆಗದುಬಿಡ್ರಿ," ಎಂದು ಮತ್ತೆ ರೊಟ್ಟಿಗೆ ಕೂತಳು. ಬಡಿತ ಎಂದಿಗಿಂತ ಜೋರಾಗಿತ್ತು.

ನಾನು ಬಹಳ ಯೋಚಿಸಿದೆ. ಮಾಸ್ತರ ಹೆಸರು ಹಾಕಿದ್ದರೆ ಸರ್‌ಗೂ ಸಮಾಧಾನ, ನನಗೂ ಪದವಿ, ಯಾರ ಗೋಡೆಯ ಸುಣ್ಣವೂ ಉದುರುತ್ತಿರಲಿಲ್ಲ. ಆದರೆ ಬಾಗಿಲಲ್ಲಿ ಕುಳಿತು ಕೇಳಿದ ಆ ಹುಡುಗಿಯ ದನಿ ಬಿಡಲಿಲ್ಲ. ನೀಲಕ್ಕನ ಒಪ್ಪಿಗೆಯಿಲ್ಲದೆ ಅವಳ ಹೆಸರು ಹಾಕುವುದೂ ತಪ್ಪು. ಕೊನೆಗೆ ವಾಕ್ಯವನ್ನೇ ತೆಗೆದೆ. ತೆಗೆದ ಮೇಲೆ ಆ ಅಧ್ಯಾಯ ಮುಂದಿನ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತಿತ್ತು.

ಓದಿನ ದಿನ ಬೆಳಗ್ಗೆ ನೀಲಕ್ಕ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. "ಆ ಮಾತು ತೆಗದ್ರ್ಯಾ?" ಎಂದು ಕೇಳಿದಳು.

"ತೆಗೆದೆ."

"ತೆಗದ ಬಿಟ್ರ್ಯಾ?" ಎಂದು ಇನ್ನೊಮ್ಮೆ ಕೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿಕೊಂಡು ನನಗಿಂತ ಮುಂದೆ ನಡೆದಳು. ದಾರಿಯುದ್ದಕ್ಕೂ ಅವಳು ಹಾಲಿನಾಕಿಯ ಹೆಸರನ್ನೂ ಎತ್ತಲಿಲ್ಲ.

ಕಾಲೇಜಿನ ಹಾಲು ತುಂಬಿತ್ತು. ಆ ಊರಿನವರಿಗೆ ಪ್ರಬಂಧದ ಓದೆಂದರೆ ನಾಟಕಕ್ಕಿಂತ ರುಚಿ, ಯಾರ ದನಿ ಯಾವಾಗ ಜಾರುತ್ತದೋ ಎಂದು ಕಾದು ಕೂರುತ್ತಾರೆ. ವೇದಿಕೆಯ ಮೇಲೆ ಹಾದಿಮನಿ ಸರ್, ಪಕ್ಕದಲ್ಲಿ ಬೇರೆ ಊರಿನಿಂದ ಬಂದ ಪರೀಕ್ಷಕಿ. ಸ್ವಾಗತಕ್ಕೆ ಉತ್ತರವಾಗಿ ಆ ಪರೀಕ್ಷಕಿ ಸಂಶೋಧನೆಯ ಮಹತ್ವದ ಬಗ್ಗೆ ನಾಲ್ಕು ಮಾತಾಡಿದರು. ನಾಲ್ಕೂ ನಾಲ್ಕು ದನಿಯಲ್ಲಿ ಬಂದವು. ಅವರು ನೀರು ಕುಡಿದು, "ಮುಂದುವರಿಸಿ" ಎಂದು ಮಾತ್ರ ತಮ್ಮ ದನಿಯಲ್ಲಿ ಹೇಳಿ ಕುಳಿತರು.

ನಾನು ಓದಿದೆ. ಹೆಸರುಗಳೆಲ್ಲ ಆಯಾ ಜಾಗದಲ್ಲಿದ್ದವು, ದನಿ ಎಲ್ಲೂ ಜಾರಲಿಲ್ಲ. ಕೊನೆಯ ಅಧ್ಯಾಯದ ನಡುವೆ ಹಾದಿಮನಿ ಸರ್ ಕೈ ಎತ್ತಿದರು. "ಇಲ್ಲೊಂದು ವಾಕ್ಯ ಇತ್ತಲ್ಲ?"

"ತೆಗೆದೆ ಸರ್. ಅದರ ಯಜಮಾನರು ಒಪ್ಪಲಿಲ್ಲ."

"ಮಾಸ್ತರು ತೀರಿಕೊಂಡು ಎಷ್ಟು ವರ್ಷ ಆತ್ರಿ. ಅವರೆಂಗ ಒಪ್ಪಂಗಿಲ್ಲ ಅಂತಾರ?"

ನಾನು ಹಾಳೆ ತಿರುವಿದೆ. ಹಾಲಿನಲ್ಲಿ ಗುಸುಗುಸು ಎದ್ದಿತು. ಹೆಂಗಸರ ಸಾಲಿನಲ್ಲಿ ಯಾರೋ ಎದ್ದು ನಿಂತ ಸಪ್ಪಳ. ನೀಲಕ್ಕ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಸಂತಿಗೆ ಅರ್ಧ ಮಂದಿ ಕೊಳ್ಳಾಕ ಬರ್ತಾರ," ಎಂದಳು. ಉಸಿರು ತೆಗೆದುಕೊಂಡಳು. "ಉಳಿದ ಅರ್ಧ ಕಾಣಿಸಿಕೊಳ್ಳಾಕ."

ಎಲ್ಲರೂ ಹೆಸರಿಗಾಗಿ ಕಾದರು. ನೀಲಕ್ಕ ಹೆಸರು ಹೇಳದೆ ಮಾತು ಮುಗಿಸಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಹೆಸರು ಬರಲಿಲ್ಲ. ಹೊಗೆಸೊಪ್ಪಿನ ಆ ದಪ್ಪ ದನಿ ಕೂದಲೆಳೆಯಷ್ಟೂ ಬದಲಾಗದೆ ಹಾಗೇ ನಿಂತಿತ್ತು.

"ಅವ್ವಾರ," ಎಂದರು ಹಾದಿಮನಿ ಸರ್ ಮೆಲ್ಲಗೆ, "ಹೆಸರು ಹೇಳಲಿಲ್ಲ ನೀವು."

"ಹೇಳಂಗಿಲ್ಲೋ ಶಂಕ್ರಪ್ಪ. ಇದು ನಂದು."

ಮೊದಲು ಎದ್ದವನು ಯಮನೂರಪ್ಪ. ಕತ್ತರಿಯಂಥ ಮೀಸೆ ತಿರುವಿ, ತನ್ನ ಅಂಗಡಿಯ ಕನ್ನಡಿಯ ಮೇಲಿನ ಮಾತನ್ನು ಹೆಸರಿಲ್ಲದೆ ಹೇಳಿದ. ಆ ಮೀಸೆಯ ಕೆಳಗಿನಿಂದ ತೆಳ್ಳಗಿನ, ನಗು ಅದುಮಿದ ಹುಡುಗಿಯ ದನಿ ಹೊರಬಿತ್ತು. ಹಾಲು ಗೊಳ್ಳೆಂದಿತು. ಆಮೇಲೆ ಯಾರೂ ಯಾರ ಮಾತನ್ನೂ ಕೇಳಲಿಲ್ಲ. ಬಸ್ ಕಂಡಕ್ಟರು, ಕಾಯಿಪಲ್ಲೆಯವರು, ಅಂಚೆಯವನು ಎಲ್ಲರೂ ತಮ್ಮ ತಮ್ಮ ಪಾಲಿನ ಮಾಸ್ತರ ಮಾತನ್ನು ಬಿಚ್ಚಿದರು. ಮೂಲೆ ಮೂಲೆಯಿಂದಲೂ ಅದೇ ಹುಡುಗಿ. "ಇದೂ ನಿಂದೇನ ನೀಲಕ್ಕ?" "ಹ್ಞೂಂ, ಅದೂ ನಂದ." "ಇದು?" "ಅದು ಅತ್ತಿಗೆ ಜ್ವರ ಬಂದಾಗ ಅಂದಿದ್ದು." ಮೊದಮೊದಲು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದ ನೀಲಕ್ಕ ಬರಬರುತ್ತ ಸೊಂಟದ ಮೇಲೆ ಕೈಯಿಟ್ಟು ಒಂದೊಂದನ್ನೂ ಗುರುತಿಸಿ ಒಪ್ಪಿಸಿಕೊಂಡಳು, ಜಾತ್ರೆಯಲ್ಲಿ ಕಳೆದುಹೋಗಿದ್ದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬಳಿಗೆ ಕರೆದುಕೊಳ್ಳುವ ಹಾಗೆ.

ನಗು ಇಳಿದ ಮೇಲೆ ಅವಳು ನನ್ನ ಕಡೆ ತಿರುಗಿ, "ಹಾಕ್ರಿ ಮಂದಾಕಿನಿ. ನನ್ನ ಹೆಸರು ಹಾಕ್ರಿ. ಆದ್ರ ಅವರದನ್ನ ತೆಗೀಬ್ಯಾಡ್ರಿ. ಅವರ ಹೆಸರು ಹೊತ್ತು ತಿರುಗಿದ್ದಕ್ಕ ಇವು ಉಳದಾವ" ಎಂದಳು. ಪರೀಕ್ಷಕಿಯನ್ನು ಕೇಳಿ, ಅಲ್ಲೇ ನಿಂತು ಪೆನ್ನು ತೆಗೆದು ವಾಕ್ಯವನ್ನು ಅದರ ಜಾಗಕ್ಕೆ ಮರಳಿಸಿದೆ: ನೀಲಕ್ಕನ ಮಾತು, ಊರಿನಲ್ಲಿ ಫಕೀರಪ್ಪ ಮಾಸ್ತರ ಹೆಸರಿನಿಂದ ಬಳಕೆಯಲ್ಲಿದೆ. ನನ್ನ ದನಿಯಲ್ಲೇ ಓದಿ ಮುಗಿಸಿದೆ. ಅದರ ಕೆಳಗೆ, ಆ ಗದ್ದಲ ನೋಡುತ್ತಿದ್ದಾಗ ಹೊಳೆದ ನನ್ನದೇ ಒಂದು ಸಾಲನ್ನೂ ಸೇರಿಸಿ ಓದಿದೆ. ಅಷ್ಟೇನೂ ಚೆನ್ನಾಗಿರಲಿಲ್ಲ. ದನಿ ಮಾತ್ರ ಅಲುಗಲಿಲ್ಲ.

ಪದವಿ ಬಂತು. ಪೇಂಟರು ಗೋಡೆಗಳ ಮೇಲೆ ಮಾಸ್ತರ ಹೆಸರಿನ ಮುಂದೆ ನೀಲಕ್ಕನ ಹೆಸರು ಬರೆಯತೊಡಗಿದ. ಆದರೆ ಹಾದಿಮನಿ ಸರ್ ಕಮಿಟಿಯ ಕಡೆ ತಲೆ ಹಾಕಲಿಲ್ಲ. ಒಂದು ಭಾನುವಾರ ನಡುಮಧ್ಯಾಹ್ನ ನಮ್ಮ ಮನೆಗೆ ಬಂದು, ಅಡುಗೆಮನೆಯ ಹೊಸ್ತಿಲ ಹೊರಗೆ ಕುಳಿತರು. ನೀಲಕ್ಕ ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ಕೈಯಲ್ಲಿ ತಿರುಗಿಸುತ್ತಿದ್ದರು.

"ಅವ್ವಾರ, ಒಂದ್ ಕೇಳ್ತೀನಿ. ಮಾಸ್ತರದು ಅಂತ ಒಂದರೆ ಮಾತು ಇತ್ತೇನ್ರಿ?"

ನೀಲಕ್ಕ ಅವರನ್ನೇ ನೋಡಿದಳು. "ಸಾಲ್ಯಾಗ ನಿನಗ ಏನರೆ ಅಂದಿದ್ರೇನು? ನನ್ನ ಕಿವಿಗೆ ಬೀಳಲಾರದ್ದು?"

"ಅಂದಿದ್ರು. ನಾಲ್ಕನೇ ಕ್ಲಾಸಿನೊಳಗ ನಾ ನಪಾಸಾಗಿ ಸಾಲಿ ಹಿಂದ ಕೂತು ಅಳತಿದ್ದೆ. ಬಂದು ಬಾಜೂಕ ಕೂತ್ರು." ಸರ್ ಲೋಟ ಕೆಳಗಿಟ್ಟರು. "ಅದನ್ನ ಯಾರ ಮುಂದೂ ಹೇಳಿಲ್ಲ ನಾನು."

"ಹೇಳು. ಹೆಸರು ಹೇಳಬ್ಯಾಡ."

"ಅದೂ ನಿಮ್ಮದ ಆಗಿದ್ರ?"

"ಹೇಳಪಾ."

ಸರ್ ಕಣ್ಣು ಮುಚ್ಚಿಕೊಂಡರು. "ಅಳಬ್ಯಾಡಲೇ, ನಾಳೆನೂ ಸಾಲಿ ಐತಿ."

ಹುಡುಗಿಯ ದನಿ ಬರಲಿಲ್ಲ. ಬಂದದ್ದು ಒಬ್ಬ ಗಂಡಸಿನ ದನಿ, ನಿಧಾನದ್ದು, ಒಂದೊಂದು ಪದವನ್ನೂ ಇಡುವ ಮೊದಲು ಜಾಗ ನೋಡಿಕೊಳ್ಳುವಂಥದ್ದು. ನಾನು ಆ ದನಿಯನ್ನು ಎಂದೂ ಕೇಳಿದವಳಲ್ಲ. ನೀಲಕ್ಕನ ಮುಖ ನೋಡಿದಾಗ ಅದು ಮಾಸ್ತರದೆಂದು ಗೊತ್ತಾಯಿತು. ಅವಳು ಕಟ್ಟಿಗೆಯನ್ನು ಒಲೆಯಿಂದ ಹೊರಗೆಳೆದು, ಉರಿಯ ಸಪ್ಪಳವೂ ಇಲ್ಲದಂತೆ ಮಾಡಿ, ಸರ್ ಹತ್ತಿರ ಬಂದು ಕುಳಿತಳು.

"ಇನ್ನೊಮ್ಮೆ ಹೇಳೋ ಶಂಕ್ರಪ್ಪ," ಎಂದಳು.

ಹಾದಿಮನಿ ಸರ್ ಮತ್ತೆ ಹೇಳಿದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಮುಖದಲ್ಲಿ ನಗುವಿತ್ತು. ನೀಲಕ್ಕ ಮತ್ತೆ ಕೇಳಿದಳು, ಅವರು ಮತ್ತೆ ಹೇಳಿದರು. ಯಾರ ಮಾತೆಂದು ಹೇಳಿ ಎಂದು ಅವರಿಗೆ ನಾವಿಬ್ಬರೂ ನೆನಪಿಸಲಿಲ್ಲ.